ಕೆಟ್ಟ ಸುದ್ದಿ ತಂದವರ ಗತಿ ಏನಾಗುತ್ತದೆ?

ನಮ್ಮ ಉದ್ಯಮರಂಗದ ಹಿರಿಯರು ಈಚಿನ ವರ್ಷಗಳಲ್ಲಿ ದುಡಿಮೆಯ ಬಗ್ಗೆ ಆಡಿರುವ ಮಾತುಗಳಲ್ಲಿ ಜನರ ನೆನಪಿನಲ್ಲಿ ಉಳಿದಿರುವುದು ಎರಡು ಸಂಖ್ಯೆಗಳು ಮಾತ್ರ: 70 ಮತ್ತು 90. ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಈ ಎರಡರ ನಡುವೆ, 2024ರ ಜುಲೈನಲ್ಲಿ, ಮಾಹಿತಿ ತಂತ್ರಜ್ಞಾನ ಕ್ಷೇತ್ರದ ದುಡಿಮೆಯ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವವೊಂದು ನಮ್ಮ ರಾಜ್ಯದಲ್ಲಿಯೇ ಕೇಳಿಬಂದು, ನೌಕರರ ಸಂಘದ ಪ್ರತಿಭಟನೆಗೆ ಕಾರಣವಾಯಿತು. ಪತ್ರಿಕೆಗಳು ಪರ-ವಿರೋಧದ ಲೇಖನಗಳಿಂದ ತುಂಬಿಹೋದವು.

ಈ ಚರ್ಚೆಯಲ್ಲಿ ನನ್ನ ಗಮನ ಸೆಳೆದದ್ದು ಬೇರೊಂದು ಸಂಗತಿ. 90 ಗಂಟೆಯ ಮಾತು ಬಂದದ್ದು ನೌಕರರೊಡನೆ ನಡೆದ ಸಂವಾದದಲ್ಲಿ. ಶನಿವಾರವೂ ಏಕೆ ಕೆಲಸಕ್ಕೆ ಬರಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ. ಉತ್ತರ ದೇಶವೆಲ್ಲ ಸುತ್ತಿತು, ಪ್ರಶ್ನೆಯನ್ನು ಯಾರೂ ನೆನೆಯಲಿಲ್ಲ. ದೊಡ್ಡ ಸಂಸ್ಥೆಯೊಂದರ ಅತ್ಯುನ್ನತ ಹುದ್ದೆಯಲ್ಲಿ ಕುಳಿತವರಿಗೆ ಕೆಳಗಿನಿಂದ ಒಂದು ನಿಜವಾದ ಪ್ರಶ್ನೆ ತಲುಪುವುದು ಅಪರೂಪದ ಘಟನೆ. ಹಾಗೆ ತಲುಪಿದಾಗ ಅದು ಏನಾಗುತ್ತದೆ, ತಂದವನ ಗತಿ ಏನಾಗುತ್ತದೆ ಎಂಬುದರ ಮೇಲೆ ಆ ಸಂಸ್ಥೆಯ ಕೆಲಸದ ಸಂಸ್ಕೃತಿ ನಿಂತಿದೆಯೇ ಹೊರತು ಗಂಟೆಗಳ ಲೆಕ್ಕದ ಮೇಲಲ್ಲ ಎಂಬುದು ನನ್ನ ಅಭಿಪ್ರಾಯ. ಮೂರು ದಶಕಗಳಿಗೂ ಮೀರಿದ ಸರ್ಕಾರಿ ಸೇವೆಯಲ್ಲಿ, ಅದರಲ್ಲೂ ಒಂದು ನಿಗಮದ ಚುಕ್ಕಾಣಿ ಹಿಡಿದಿದ್ದ ಅವಧಿಯಲ್ಲಿ, ಬೆಳೆದ ಅಭಿಪ್ರಾಯವಿದು.

ನನ್ನೂರು ಸಿಂಧನೂರು ತಾಲ್ಲೂಕಿನ ಗೊರೇಬಾಳ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಹುಟ್ಟಿದವರಿಗೆ ‘ಕೊನೆಭಾಗ’ ಎಂಬ ಪದದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. 227 ಕಿಲೋಮೀಟರ್ ಉದ್ದದ ಈ ಕಾಲುವೆಯನ್ನು ಯೋಜಿಸಿದ್ದು ಬಹುಮಟ್ಟಿಗೆ ಮಿತ ನೀರಾವರಿಯ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿದ ಮೇಲೆ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು ವರ್ಷ ವರ್ಷವೂ ನೀರಿಗಾಗಿ ರಸ್ತೆಗೆ ಇಳಿಯುವುದು ವಾಡಿಕೆಯಾಗಿಬಿಟ್ಟಿದೆ. 69ನೇ ಮೈಲಿನಲ್ಲಿ ಗೇಜು ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂಬುದೇ ಅಲ್ಲಿನ ದಿನದ ಮಾತು. ಸಭೆಯಲ್ಲಿ ಓದಿದ ಅಂಕಿಯನ್ನು ನಂಬದೆ ತಾವೇ ಹೋಗಿ ಕಾಲುವೆಯ ದಂಡೆಯಲ್ಲಿ ನಿಂತು ಗೇಜು ನೋಡಿಬರುವ ರೈತರಿದ್ದಾರೆ. ನಮ್ಮೂರಿನ ಹಿರಿಯ ರೈತರೊಬ್ಬರು ಒಮ್ಮೆ ಹೇಳಿದ್ದರು: “ನೀರು ಕೆಳಗ ಬರಾಕ ಎಷ್ಟು ತೂಬು ದಾಟಬೇಕೊ, ನಮ್ಮ ಮಾತು ಮ್ಯಾಲ ಹೋಗಾಕೂ ಅಷ್ಟ ತೂಬು ದಾಟಬೇಕ್ರಿ.” ಅವರು ಹೇಳಿದ್ದು ಕಾಲುವೆಯ ಬಗ್ಗೆ. ಕೈಗಾರಿಕೆ, ಬ್ಯಾಂಕು, ನಿಗಮ, ಮಾಹಿತಿ ತಂತ್ರಜ್ಞಾನ ಕಂಪನಿಗಳ ಬಗ್ಗೆ ನಾನು ಓದಿರುವ ನಿರ್ವಹಣಾಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ನನಗೆ ಸಿಕ್ಕಿಲ್ಲ.

ಈ ಕಾಲುವೆಗೆ ನೀರು ಕೊಡುವ ಜಲಾಶಯದಲ್ಲಿಯೇ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಜೊತೆಗೆ ಆಂಧ್ರ, ತೆಲಂಗಾಣಗಳ ಲಕ್ಷಾಂತರ ಎಕರೆಯ ಮುಂಗಾರು ಬೆಳೆ ಆ ಒಂದು ಕಿಂಡಿಯ ಮೂಲಕ ಹರಿದುಹೋಗುವ ಭಯ ಎಲ್ಲರನ್ನೂ ಆವರಿಸಿತು. ಒಂದೇ ಗೇಟಿನ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಮುಖ್ಯಮಂತ್ರಿ ಬಂದರು, ಸಚಿವರು ಬಂದರು, ಮೂರು ರಾಜ್ಯಗಳ ಎಂಜಿನಿಯರುಗಳು ನೆರೆದರು. ಆದರೆ ಆ ವಾರ ಅಲ್ಲಿ ನಡೆದದ್ದು ಕ್ರಸ್ಟ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾತು. ಯಾವ ಕುರ್ಚಿಯ ಬಲವೂ ಇಲ್ಲದ, ನಿವೃತ್ತಿಯ ವಯಸ್ಸನ್ನು ಎಂದೋ ದಾಟಿದ ವ್ಯಕ್ತಿ. ನೀರು ಧುಮ್ಮಿಕ್ಕುತ್ತಿರುವಾಗಲೇ ಸ್ಟಾಪ್‌ಲಾಗ್ ಇಳಿಸಬಹುದೆಂದು ಅವರು ಹೇಳಿದರು. ಹೊಸಪೇಟೆ ಸೀಮೆಯ ಕಾರ್ಖಾನೆಗಳು ಹಗಲಿರುಳು ಉಕ್ಕಿನ ತುಂಡುಗಳನ್ನು ಸಿದ್ಧಪಡಿಸಿದವು. ಆಗಸ್ಟ್ 16ರಂದು ಮೊದಲನೆಯದು ಇಳಿಯಿತು, ಮರುದಿನ ಉಳಿದವು. ಜೀವದ ಹಂಗು ತೊರೆದು ಅವುಗಳನ್ನು ಕೂರಿಸಿದ ಕಾರ್ಮಿಕರಲ್ಲಿ ಬಹುತೇಕರ ಹೆಸರು ಇಂದು ಯಾರಿಗೂ ನೆನಪಿಲ್ಲ. ಅದೇ ಹಂಗಾಮಿನ ಮಳೆಗೆ ಜಲಾಶಯ ಮತ್ತೆ ಬಹುಮಟ್ಟಿಗೆ ತುಂಬಿತು.

ಸಂಕಟದ ಆ ಏಳು ದಿನ ನಾವು ಹುದ್ದೆಯನ್ನು ಬದಿಗಿಟ್ಟು ತಿಳಿದವರ ಮಾತು ಕೇಳಿದೆವು. ಉಳಿದ ದಿನಗಳಲ್ಲಿ? 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು ಅದು. ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂಬ ತಜ್ಞರ ಶಿಫಾರಸು ಬಂದದ್ದು ಒಂದು ಗೇಟು ಹೋದ ಮೇಲೆ. 2025ರ ಮುಂಗಾರಿನಲ್ಲಿ ಮುಂಜಾಗ್ರತೆಗಾಗಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಬೇಕಾಯಿತು. ಇದರಲ್ಲಿ ಯಾರನ್ನೂ ದೂಷಿಸುವ ಉದ್ದೇಶ ನನಗಿಲ್ಲ. ಗೇಟಿನ ಸರಪಳಿಗೆ ಗ್ರೀಸು ಹಚ್ಚುವವನಿಗೆ ಏನಾದರೂ ಅನುಮಾನ ಬಂದರೆ ಅದನ್ನು ಎಲ್ಲಿ ಬರೆಯಬೇಕು, ಬರೆದದ್ದನ್ನು ಯಾರು ಓದಿ ಉತ್ತರಿಸಬೇಕು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಮತ್ತು ಅದು ಅಣೆಕಟ್ಟುಗಳಿಗಷ್ಟೇ ಸೀಮಿತವಾದ ಪ್ರಶ್ನೆಯಲ್ಲ.

ಖಾಸಗಿ ಉದ್ಯಮದ ಉದಾಹರಣೆಗೆ ಕೋಲಾರ ಜಿಲ್ಲೆಯ ನರಸಾಪುರಕ್ಕೆ ಹೋಗೋಣ. ಅಲ್ಲಿ ಐಫೋನ್ ತಯಾರಿಸುತ್ತಿದ್ದ ತೈವಾನ್ ಮೂಲದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರು ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಧ್ವಂಸ ಮಾಡಿದರು. ಹಿಂಸೆಯನ್ನು ಸಮರ್ಥಿಸಲು ಸಾಧ್ಯವಿಲ್ಲ. ಆದರೆ ಅನಂತರ ಕಾರ್ಖಾನೆಗಳ ಇಲಾಖೆಯ ತಪಾಸಣೆಯಲ್ಲಿ ಬಯಲಾದ ಸಂಗತಿಗಳು ಪ್ರತಿಯೊಬ್ಬ ಮುಖ್ಯ ಕಾರ್ಯನಿರ್ವಹಣಾಧಿಕಾರಿಯೂ ಓದಬೇಕಾದವು. 5 ಸಾವಿರವಿದ್ದ ಕಾರ್ಮಿಕರ ಸಂಖ್ಯೆ ಅಲ್ಪಾವಧಿಯಲ್ಲಿ 10,500ಕ್ಕೆ ಏರಿತ್ತು; ಅವರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಷ್ಟು ಜನರನ್ನು ನಿಭಾಯಿಸಬಲ್ಲ, ಕಾರ್ಮಿಕ ಕಾನೂನು ತಿಳಿದ ಮಾನವ ಸಂಪನ್ಮೂಲ ವಿಭಾಗ ಬೆಳೆದಿರಲಿಲ್ಲ. ಅಕ್ಟೋಬರ್‌ನಲ್ಲಿ 8 ಗಂಟೆಯ ಪಾಳಿ 12 ಗಂಟೆಯಾಯಿತು. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು. ದುಡಿದ ದಿನಕ್ಕೂ ಕೈಗೆ ಬಂದ ಸಂಬಳಕ್ಕೂ ತಾಳೆಯಾಗುತ್ತಿರಲಿಲ್ಲ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ವೇತನ ಸಂದಿಲ್ಲವೆಂದು ಕಂಪನಿಯೇ ಒಂದು ವಾರದ ಬಳಿಕ ಒಪ್ಪಿ ಕ್ಷಮೆ ಕೋರಿತು; ಭಾರತದ ವ್ಯವಹಾರದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆ್ಯಪಲ್ ಕಂಪನಿಯು ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಾಜರಿಯ ಲೆಕ್ಕ ತಪ್ಪುತ್ತಿರುವುದು ಸಾವಿರಾರು ಜನರಿಗೆ ತಿಳಿದಿತ್ತು. ಪಾಳಿಯ ಮೇಲ್ವಿಚಾರಕರಿಗೆ ತಿಳಿದಿತ್ತು, ಏಜೆನ್ಸಿಯವರಿಗೆ ತಿಳಿದಿತ್ತು, ಕ್ಯಾಂಟೀನಿನಲ್ಲಿ ಅನ್ನ ಬಡಿಸುವವರಿಗೂ ತಿಳಿದಿದ್ದೀತು. ಅದು ತೈಪೆಯ ಆಡಳಿತ ಮಂಡಳಿಗೂ ಕ್ಯಾಲಿಫೋರ್ನಿಯಾದ ಖರೀದಿದಾರನಿಗೂ ಮುಟ್ಟಿದ್ದು ಗಾಜು ಒಡೆದ ಸದ್ದಿನೊಂದಿಗೆ. ಗುತ್ತಿಗೆ ಪದ್ಧತಿಯ ಈ ಪರಿಣಾಮವನ್ನು ನಮ್ಮ ಉದ್ಯಮಿಗಳು ಲೆಕ್ಕ ಹಾಕುವುದಿಲ್ಲ. ವೇತನದ ಹೊರೆ ಹಗುರಾಗುತ್ತದೆಂದು ನಡುವೆ ಒಬ್ಬ ಏಜೆಂಟನನ್ನು ತಂದಾಗ, ಸುದ್ದಿಯ ದಾರಿಯಲ್ಲಿ ಇನ್ನೊಂದು ತೂಬನ್ನು ಕಟ್ಟಿದಂತಾಗುತ್ತದೆ. ಆ ತೂಬಿನ ಕೀಲಿ ಸಂಸ್ಥೆಯ ಕೈಯಲ್ಲಿಯೂ ಇರುವುದಿಲ್ಲ.

ಎಂಬತ್ತರ ದಶಕದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಾಗ ನನ್ನನ್ನು ಬಹುವಾಗಿ ಕಾಡಿದ ಗ್ರಂಥ ಆಲ್ಬರ್ಟ್ ಹರ್ಷ್‌ಮನ್ ಅವರದು. ನಿರ್ಗಮನ, ಧ್ವನಿ, ನಿಷ್ಠೆ ಎಂಬ ಮೂರು ಪದಗಳನ್ನು ಶೀರ್ಷಿಕೆಯಾಗಿ ಹೊತ್ತು 1970ರಲ್ಲಿ ಪ್ರಕಟವಾದ ಸಣ್ಣ ಪುಸ್ತಕ. ಸಂಸ್ಥೆಯೊಂದು ಹದಗೆಡುತ್ತಿರುವಾಗ ಅದರೊಳಗಿನವರಿಗೆ ಎರಡು ದಾರಿಗಳಿವೆ: ಬಿಟ್ಟುಹೋಗುವುದು ಅಥವಾ ದನಿಯೆತ್ತುವುದು. ಲೇಖಕರು ಈ ವಿಚಾರಕ್ಕೆ ಬಂದದ್ದು ನೈಜೀರಿಯದ ರೈಲ್ವೆಯನ್ನು ನೋಡಿ. ಲಾರಿಗಳ ಪೈಪೋಟಿ ಬಂದರೆ ರೈಲು ಸುಧಾರಿಸಬೇಕೆಂದು ಪಠ್ಯಪುಸ್ತಕ ಹೇಳುತ್ತದೆ. ಅಲ್ಲಿ ಹಾಗಾಗಲಿಲ್ಲ. ಗಟ್ಟಿಯಾಗಿ ದೂರಬಲ್ಲ ಗ್ರಾಹಕರೆಲ್ಲ ಮೊದಲೇ ಲಾರಿಗೆ ಹೋಗಿಬಿಟ್ಟರು. ಉಳಿದವರ ದೂರಿಗೆ ಬಲವಿರಲಿಲ್ಲ. ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳನ್ನು ನೋಡಿದಾಗಲೆಲ್ಲ ನನಗೆ ಈ ರೈಲ್ವೆ ನೆನಪಾಗುತ್ತದೆ. ನೌಕರಿ ಬದಲಿಸುವುದು ಸುಲಭವಾಗಿರುವಷ್ಟು ಕಾಲ ಚುರುಕಾದವರು ಜಗಳವಾಡದೆ ಹೊರಟುಹೋಗುತ್ತಾರೆ. ಹೋಗುವ ಕೊನೆಯ ದಿನ ಅವರನ್ನು ಕೂರಿಸಿಕೊಂಡು ಏಕೆ ಬಿಡುತ್ತಿದ್ದೀರಿ ಎಂದು ಕೇಳುವ ಒಂದು ಸಂಪ್ರದಾಯವಿದೆ. ಹೊಸ ಕಂಪನಿಗೆ ಹಳೆಯ ಕಂಪನಿಯ ಶಿಫಾರಸು ಬೇಕಾಗಿರುವಾಗ ಯಾರು ತಾನೆ ನಿಜ ಹೇಳಿಯಾರು? “ವೈಯಕ್ತಿಕ ಕಾರಣ” ಎಂದು ಬರೆದು ಸಹಿ ಹಾಕುತ್ತಾರೆ. ಅದನ್ನು ಒಂದು ಪಟ್ಟಿಗೆ ಸೇರಿಸಿ ಆಡಳಿತ ಮಂಡಳಿಯ ಮುಂದೆ ಬಣ್ಣದ ನಕ್ಷೆಯಾಗಿ ತೋರಿಸುತ್ತಾರೆ.

ಬಿಟ್ಟುಹೋಗದೆ, ಹೆಸರು ಹೇಳಿ ಮಾತನಾಡಲೂ ಆಗದೆ ಉಳಿದವರು ಹಿಡಿಯುವ ದಾರಿ ಸಹಿಯಿಲ್ಲದ ಪತ್ರ. 2019ರ ಅಕ್ಟೋಬರ್‌ನಲ್ಲಿ ಇನ್ಫೊಸಿಸ್‌ನ ಅಗ್ರ ಅಧಿಕಾರಿಗಳ ಮೇಲೆ ಹೆಸರಿಲ್ಲದ ನೌಕರರ ದೂರು ಬಹಿರಂಗವಾದಾಗ ಕಂಪನಿಯ ಷೇರು ಬೆಲೆ ಒಂದೇ ದಿನದಲ್ಲಿ ಶೇ 16ರಷ್ಟು ಕುಸಿಯಿತು. ಆರೋಪಗಳಿಗೆ ಪುರಾವೆಯಿಲ್ಲವೆಂದು ಲೆಕ್ಕಪರಿಶೋಧನಾ ಸಮಿತಿ 2020ರ ಜನವರಿಯಲ್ಲಿ ಹೇಳಿತು. ದೂರು ಹುರುಳಿಲ್ಲದ್ದಾದರೂ ಅದು ವಿಚಾರಣೆಯಾಗಿ ಫಲಿತಾಂಶ ಪ್ರಕಟವಾದದ್ದು ಒಳ್ಳೆಯದೇ ಆಯಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ಇಂಥ ದೂರು ಕೇಳುವ ವ್ಯವಸ್ಥೆ ಇಟ್ಟುಕೊಳ್ಳಲೇಬೇಕೆಂದು 2013ರ ಕಂಪನಿ ಕಾಯ್ದೆ ವಿಧಿಸಿದೆ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಅನಾಮಧೇಯ ಅರ್ಜಿಗಳನ್ನು ಕ್ರಮವಿಲ್ಲದೆ ಕಡತಕ್ಕೆ ಸೇರಿಸುವುದೇ ರೂಢಿ. ಅದಕ್ಕೆ ಸಕಾರಣಗಳೂ ಇವೆ. ಆಗದವರ ಮೇಲೆ ಕೆಸರೆರಚಲು ಅಂಚೆಚೀಟಿಯಷ್ಟು ಅಗ್ಗದ ಸಾಧನ ಬೇರೊಂದಿಲ್ಲ. ಆದರೂ ಒಂದು ಕಚೇರಿಗೆ ಸಹಿಯಿಲ್ಲದ ಪತ್ರಗಳು ಮೇಲಿಂದ ಮೇಲೆ ಬರತೊಡಗಿದರೆ, ಅಲ್ಲಿ ಸಹಿ ಹಾಕಿ ಮಾತನಾಡುವುದು ಅಪಾಯಕರವಾಗಿದೆ ಎಂಬ ಒಂದು ಸಂಗತಿಯಂತೂ ನಿಜ.

ಸಹಿ ಹಾಕಿ ಮಾತನಾಡುವ ವ್ಯವಸ್ಥೆಯೊಂದನ್ನು ನಾನು ಮೊದಲು ಕಂಡದ್ದು ನಮ್ಮ ಜಿಲ್ಲೆಯಲ್ಲಿಯೇ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಚಿನ್ನ ತೆಗೆದ ಜಾಗ ಅದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಯವರು ನಡೆಸಿ ಕೈಬಿಟ್ಟಿದ್ದ ಗಣಿಗೆ 1947ರಲ್ಲಿ, ನಿಜಾಮರ ಕಾಲದ ಕೊನೆಯಲ್ಲಿ, ಹೈದರಾಬಾದ್ ಚಿನ್ನದ ಗಣಿ ಕಂಪನಿ ಎಂಬ ಹೆಸರಿನಲ್ಲಿ ಮರುಜೀವ ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯೊಂದಿಗೆ ಅದು ಹಟ್ಟಿ ಕಂಪನಿಯಾಯಿತು. ಕೋಲಾರದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ದೇಶದ ಗಣಿಗಳಿಂದ ಬರುವ ಚಿನ್ನದ ಬಹುಪಾಲು ಹಟ್ಟಿಯದೇ. ವರ್ಷಕ್ಕೆ ಒಂದೂವರೆ ಟನ್ ಆಸುಪಾಸು. ಮಲ್ಲಪ್ಪ ಶಾಫ್ಟಿನ ಕೇಜು ಹತ್ತಿ ಎರಡು ಸಾವಿರ ಅಡಿಗೂ ಕೆಳಕ್ಕೆ ಇಳಿದವರಿಗೆ ಬೆಂಗಳೂರಿನ ಸಭಾಂಗಣದಲ್ಲಿ ಕುಳಿತು ಉತ್ಪಾದನೆಯ ಗುರಿ ನಿಗದಿಪಡಿಸುವುದೆಂದರೆ ಏನೆಂದು ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ.

ಅಲ್ಲಿ ಕಲ್ಲು ಮೇಲಿನಿಂದ ಸಡಿಲುತ್ತಿರುವುದು ಮೊದಲು ತಿಳಿಯುವುದು ಅದರ ಕೆಳಗೆ ನಿಂತವನಿಗೆ. ಅವನಿಗೆ ತಿಳಿದದ್ದು ಮೇಲಿನವರಿಗೆ ತಿಳಿಯದಿದ್ದರೆ ಬೆಲೆ ತೆರುವವನು ಅವನೇ. ಆದ್ದರಿಂದಲೇ 1952ರ ಗಣಿ ಕಾಯ್ದೆಯಡಿ ರಚಿತವಾದ 1955ರ ನಿಯಮಗಳಿಗೆ ಮುಂದೆ ಒಂದು ಸೊಗಸಾದ ಏರ್ಪಾಡು ಸೇರಿತು. 500ಕ್ಕೂ ಹೆಚ್ಚು ಜನ ದುಡಿಯುವ ಗಣಿಯಲ್ಲಿ ಕಾರ್ಮಿಕ ಸಂಘದೊಡನೆ ಸಮಾಲೋಚಿಸಿ ಕಾರ್ಮಿಕರ ಪರವಾದ ತಪಾಸಣಾಧಿಕಾರಿಗಳನ್ನು ನೇಮಿಸಬೇಕು. ಅವರು ಛಾವಣಿ, ಆಸರೆಗಂಬ, ಹಗ್ಗ, ಗಾಳಿಯಾಟ ಎಲ್ಲವನ್ನೂ ನೋಡಿ ತಮಗೆ ಕಂಡ ಕೊರತೆಯನ್ನು ಪುಟಸಂಖ್ಯೆ ಹಾಕಿದ, ಬೈಂಡ್ ಮಾಡಿದ ಪುಸ್ತಕದಲ್ಲಿ ಬರೆಯಬೇಕು. ಮ್ಯಾನೇಜರು ತಾನು ಏನು ಕ್ರಮ ಕೈಗೊಂಡೆ ಎಂದು ಅದೇ ಪುಸ್ತಕದಲ್ಲಿ ಉತ್ತರಿಸಬೇಕು. ಪುಟ ಹರಿದರೆ ಗೊತ್ತಾಗುತ್ತದೆ. ಉತ್ತರ ಬರೆಯದಿದ್ದರೂ ಗೊತ್ತಾಗುತ್ತದೆ. ಸಾಹೇಬರು ಒಳ್ಳೆಯವರೇ, ಅವರ ಕೋಣೆಯ ಬಾಗಿಲು ತೆರೆದಿರುತ್ತದೆಯೇ ಎಂಬ ಲೆಕ್ಕಾಚಾರ ಇಲ್ಲಿ ಬೇಕಾಗುವುದಿಲ್ಲ. ಒಬ್ಬ ಗಣಿ ಕಾರ್ಮಿಕನಿಗೆ ಇದು ಕೃಪೆಯಲ್ಲ, ಕೆಲಸ. ಟೊಯೊಟಾ ಕಾರ್ಖಾನೆಗಳಲ್ಲಿ ದೋಷ ಕಂಡ ಯಾವ ಕೆಲಸಗಾರನೂ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದೆಂಬ ಪದ್ಧತಿಯನ್ನು ಜಗತ್ತು ಕೊಂಡಾಡಿದೆ. ಅದರ ಬಂಧುವೊಂದು ನಮ್ಮ ಗಣಿಗಳಲ್ಲಿಯೂ ಇದೆಯೆಂಬುದನ್ನು ನಮ್ಮ ವ್ಯವಸ್ಥಾಪನಾ ಶಾಲೆಗಳು ಗಮನಿಸಿದಂತೆ ಕಾಣುವುದಿಲ್ಲ. 2025ರ ನವೆಂಬರ್ 21ರಿಂದ ಹಳೆಯ ಗಣಿ ಕಾಯ್ದೆಯ ಸ್ಥಾನಕ್ಕೆ ಹೊಸ ಸಂಹಿತೆ ಬಂದಿದೆ. ಸುರಕ್ಷತಾ ಸಮಿತಿಯ ವಿಧಿ ಅದರಲ್ಲಿದೆ. ಪುಸ್ತಕದ ಪದ್ಧತಿ ಹೊಸ ನಿಯಮಗಳಲ್ಲಿ ತೆಳುವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.

ಈ ಪುಸ್ತಕದ ವಿಚಾರವನ್ನು ನಾನು ಎತ್ತಿಕೊಂಡು ಹೋದದ್ದು ರಾಜ್ಯದ ಒಂದು ನಿಗಮಕ್ಕೆ. ಯಾವುದೆಂದು ಹೇಳುವುದು ಅನವಶ್ಯಕ. ಜಿಲ್ಲೆಗಳ ಡಿಪೋಗಳ ಮೂಲಕ ರೈತರಿಗೆ ಸರಕು ಮಾರುತ್ತಿದ್ದ ಆ ನಿಗಮದಲ್ಲಿ ನಾನು 26 ತಿಂಗಳು ವ್ಯವಸ್ಥಾಪಕ ನಿರ್ದೇಶಕನಾಗಿದ್ದೆ. ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಲ್ಲ ಡಿಪೋಗಳ ಮಾರಾಟವೂ ಗುರಿಯ ಶೇ 100ರ ಸಮೀಪ. ಆದರೆ ಬ್ಯಾಂಕಿನಲ್ಲಿ ಹಣವಿಲ್ಲ. ಬಾಕಿ ವಸೂಲಿಯಾಗಬೇಕಷ್ಟೇ ಎಂಬ ಉತ್ತರ ಪ್ರತಿ ಸಲವೂ ಸಿದ್ಧವಿರುತ್ತಿತ್ತು. ಒಂದು ಸಂಜೆ ಮುಖ್ಯ ಗೋದಾಮಿನ ಆವರಣದಲ್ಲಿ ಮಳೆಗೆ ಸಿಕ್ಕಿ ವೇಬ್ರಿಡ್ಜಿನ ಕೊಠಡಿಯೊಳಗೆ ನಿಂತಿದ್ದಾಗ ಅಲ್ಲಿನ ಗುಮಾಸ್ತರು ಕುರ್ಚಿ ಸರಿಸಿಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ರಿಜಿಸ್ಟರನ್ನು ನನ್ನ ಮುಂದೆ ಇಟ್ಟರು. ತಿಂಗಳ ಕೊನೆಯ ಮೂರು ದಿನ ಹೊರಟ ಲಾರಿಗಳ ಸರಕಿನ ಬಹುಪಾಲು ಮುಂದಿನ ತಿಂಗಳ ಮೊದಲ ವಾರ ‘ಮರಳಿ ಬಂದ ಸರಕು’ ಎಂದು ಒಳಗೆ ಬರುತ್ತಿತ್ತು. “ಹೋಗುವಾಗಲೂ ತೂಕ ಮಾಡುವವನು ನಾನೇ ಸಾರ್, ಬರುವಾಗಲೂ ನಾನೇ. ಇಷ್ಟು ವರ್ಷ ಯಾರೂ ಕೇಳಲಿಲ್ಲ” ಎಂದರು.

ಮರುವಾರ ನಾಲ್ಕು ಕಡೆ ಬೈಂಡ್ ಮಾಡಿದ ಪುಸ್ತಕಗಳನ್ನು ಇರಿಸಲಾಯಿತು. ಯಾರು ಬೇಕಾದರೂ ಹೆಸರು, ದಿನಾಂಕ ಹಾಕಿ ಬರೆಯಬಹುದು. ಪ್ರತಿ ಸೋಮವಾರ ನಾನು ಕೈಬರಹದಲ್ಲಿ ಉತ್ತರಿಸುತ್ತಿದ್ದೆ. ಮೊದಲ ಎರಡು ತಿಂಗಳು ಕ್ಯಾಂಟೀನಿನ ಸಾರು ನೀರಾಗಿದೆ ಎಂಬಂಥ ಬರಹಗಳೇ ಹೆಚ್ಚು. ಸಾರು ಸುಧಾರಿಸಿದ್ದನ್ನು ಕಂಡ ಮೇಲೆ ಗಂಭೀರ ವಿಷಯಗಳು ಬರತೊಡಗಿದವು. ಒಂದು ವರ್ಷದ ಹೊತ್ತಿಗೆ ಮಾರಾಟದ ಅಂಕಿ ಇಳಿಯಿತು, ಬ್ಯಾಂಕಿನ ಶಿಲ್ಕು ಏರಿತು. ಅಂಕಿ ಇಳಿದದ್ದಕ್ಕೆ ವಿವರಣೆ ಕೊಡಬೇಕಾಗಿ ಬಂದದ್ದು ನನಗೆ! ಈ ಪದ್ಧತಿಯನ್ನು ಸೇವಾ ನಿಯಮಗಳಿಗೆ ಸೇರಿಸಬೇಕೆಂದು ಆಡಳಿತ ಮಂಡಳಿಯ ಮುಂದೆ ಮೂರು ಬಾರಿ ಟಿಪ್ಪಣಿ ಮಂಡಿಸಿದೆ. ಮೂರು ಬಾರಿಯೂ ಮುಂದಿನ ಸಭೆಗೆ ಹೋಯಿತು. ಅಷ್ಟರಲ್ಲಿ ನನಗೆ ವರ್ಗಾವಣೆಯಾಯಿತು. ಮೂರು ತಿಂಗಳೊಳಗೆ ಪುಸ್ತಕಗಳು ದಾಸ್ತಾನು ಕೊಠಡಿ ಸೇರಿದವು. ವೇಬ್ರಿಡ್ಜಿನ ಗುಮಾಸ್ತರನ್ನು ‘ಆಡಳಿತಾತ್ಮಕ ಕಾರಣ’ಗಳಿಗಾಗಿ 300 ಕಿಲೋಮೀಟರ್ ದೂರದ ಡಿಪೋಗೆ ಕಳುಹಿಸಲಾಯಿತು. ಅವರ ಮಗಳು ಆಗ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ನಾನು ಬರೆದ ಪತ್ರಕ್ಕೆ ಸೌಜನ್ಯದ ಉತ್ತರವೊಂದು ಬಂತು. ಆ ಗುಮಾಸ್ತರು ನಿವೃತ್ತಿಯವರೆಗೆ ಆ ಡಿಪೋದಲ್ಲಿಯೇ ಉಳಿದರು.

ಅಂದು ಆ ಕಚೇರಿಯಲ್ಲಿ ಉಳಿದ ನೂರಾರು ನೌಕರರು ಈ ವರ್ಗಾವಣೆಯಿಂದ ಕಲಿತ ಪಾಠವನ್ನು ಯಾವ ತರಬೇತಿ ಶಿಬಿರವೂ ಮರೆಸಲಾರದು. ಮುಖ್ಯಸ್ಥರು ಬರುತ್ತಾರೆ, ಹೋಗುತ್ತಾರೆ. ಅವರ ಮಾತು ನಂಬಿ ಬಾಯಿ ಬಿಟ್ಟವನು ಅಲ್ಲಿಯೇ ಇರಬೇಕು. ರಾಜ್ಯದ ಸಾರ್ವಜನಿಕ ಉದ್ದಿಮೆಗಳಲ್ಲಿ ವ್ಯವಸ್ಥಾಪಕ ನಿರ್ದೇಶಕರು ಸಾಮಾನ್ಯವಾಗಿ ಸರ್ಕಾರದ ಅಧಿಕಾರಿಗಳು. ಅವರ ಅವಧಿ ಎಷ್ಟೆಂದು ಅವರಿಗೇ ತಿಳಿದಿರುವುದಿಲ್ಲ. ಅಧ್ಯಕ್ಷ ಸ್ಥಾನ ಅನೇಕ ವೇಳೆ ಸಚಿವ ಸಂಪುಟದಲ್ಲಿ ಸ್ಥಾನ ಸಿಗದ ಶಾಸಕರ ಸಮಾಧಾನಕ್ಕೆ ಬಳಕೆಯಾಗುತ್ತದೆ. ಹಟ್ಟಿಯೂ ಇದಕ್ಕೆ ಹೊರತಲ್ಲ. ಖಾಸಗಿ ರಂಗದಲ್ಲಿಯೂ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಕಣ್ಣು ಮೂರು ತಿಂಗಳ ಫಲಿತಾಂಶದ ಮೇಲೆ ನೆಟ್ಟಿರುತ್ತದೆ. ಹೀಗಿರುವಾಗ ನಾಯಕನ ವ್ಯಕ್ತಿತ್ವ, ವರ್ಚಸ್ಸು, ಸಹೃದಯತೆಗಳ ಬಗ್ಗೆ ಪಂಚತಾರಾ ಹೋಟೆಲುಗಳಲ್ಲಿ ನಡೆಯುವ ಉಪನ್ಯಾಸಗಳಿಂದ ಹೆಚ್ಚಿನ ಪ್ರಯೋಜನವನ್ನು ನಾನು ಕಂಡಿಲ್ಲ. (ಒಂದೆರಡರಲ್ಲಿ ನಾನೂ ಭಾಷಣ ಮಾಡಿದ್ದೇನೆ, ಊಟ ಚೆನ್ನಾಗಿರುತ್ತದೆ.)

ಇದು ಇಂದಿನ ಸಮಸ್ಯೆಯೇನಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಸಿಡಿದು ಏಳು ಮಂದಿ ಸತ್ತಾಗ, ಹಿಂದಿನ ಸಂಜೆಯೇ ಚಳಿಯಲ್ಲಿ ಉಡಾವಣೆ ಬೇಡವೆಂದು ಗುತ್ತಿಗೆ ಕಂಪನಿಯ ಎಂಜಿನಿಯರುಗಳು ವಿರೋಧಿಸಿದ್ದರು. ಆ ವಿರೋಧ ಕೊನೆಯ ನಿರ್ಧಾರ ಕೈಗೊಂಡವರನ್ನು ಮುಟ್ಟಿಯೇ ಇರಲಿಲ್ಲವೆಂದು ತನಿಖಾ ಆಯೋಗ ಹೇಳಿತು. ಇನ್ನೂ ಹಿಂದಕ್ಕೆ ಹೋಗುವುದಾದರೆ ನಮ್ಮ ನೆರೆಯ ಮಸ್ಕಿಯೇ ಇದೆ. ಅಶೋಕನ ಹೆಸರನ್ನು ಹೊತ್ತ ಅಲ್ಲಿನ ಬಂಡೆಶಾಸನವನ್ನು 1915ರಲ್ಲಿ ಗುರುತಿಸಿದವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಧರ್ಮದ ಫಲ ಸಾಧ್ಯವೆಂಬ ಭಾವ ಆ ಶಾಸನದಲ್ಲಿದೆ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅದೇ ಚಕ್ರವರ್ತಿಯ ಹದಿನಾಲ್ಕು ಬಂಡೆಶಾಸನಗಳೂ ಇವೆ. ಅವುಗಳಲ್ಲಿ ಆರನೆಯದು ಆಡಳಿತಗಾರರೆಲ್ಲ ಓದಬೇಕಾದದ್ದು. ತಾನು ಊಟಕ್ಕೆ ಕುಳಿತಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಚಾರವನ್ನು ವರದಿಗಾರರು ಯಾವ ಹೊತ್ತಿನಲ್ಲಾದರೂ ತನಗೆ ತಿಳಿಸಬೇಕೆಂದು ಅಶೋಕ ಅದರಲ್ಲಿ ಆಜ್ಞಾಪಿಸಿದ್ದಾನೆ. ಗಮನಿಸಬೇಕಾದದ್ದು, ಇದನ್ನು ಅವನು ಆಸ್ಥಾನದಲ್ಲಿ ಹೇಳಿ ಸುಮ್ಮನಾಗಲಿಲ್ಲ. ಕಲ್ಲಿನ ಮೇಲೆ, ಒಂದಲ್ಲ ಹಲವು ಕಡೆ, ಕೆತ್ತಿಸಿದ. ಮಧ್ಯದ ಅಧಿಕಾರಿ ಅಳಿಸಲಾಗದಂತೆ.

ಹಟ್ಟಿಯ ಪುಸ್ತಕವನ್ನು ನಾನು ಆದರ್ಶೀಕರಿಸುತ್ತಿಲ್ಲ. ಹಾಗೆ ಬರೆಯಬಲ್ಲವನ ಬೆನ್ನಿಗೆ ಕಾರ್ಮಿಕ ಸಂಘವಿರುತ್ತದೆ; ಸಂಘದ ಧ್ವನಿಯೂ ಕೆಲವೊಮ್ಮೆ ಸೋಸಿದ ಧ್ವನಿಯೇ. ಅಧಿಕಾವಧಿ ಭತ್ಯೆಯ ಬಗ್ಗೆ ಗಟ್ಟಿಯಾಗಿರುವ ದನಿ ತಮ್ಮವರ ಗೈರುಹಾಜರಿಯ ಬಗ್ಗೆ ಮೆತ್ತಗಾಗುವುದುಂಟು. ಗುತ್ತಿಗೆಯ ಮೇಲೆ ಬಂದವರ ಪಾಲಿಗೆ ಇಂಥ ಪುಸ್ತಕ ಎಲ್ಲಿಯೂ ಬಹಳ ದೂರ. ಆದರೂ ಸುಧಾರಣೆ ಅಲ್ಲಿಂದಲೇ ಆರಂಭವಾಗಬೇಕು. ರಾಜ್ಯದ ಎಲ್ಲ ಸಾರ್ವಜನಿಕ ಉದ್ದಿಮೆಗಳಲ್ಲಿ ಪುಟಸಂಖ್ಯೆಯುಳ್ಳ ಇಂಥ ಪುಸ್ತಕವಿರಬೇಕು, ಅದರಲ್ಲಿ ಗುತ್ತಿಗೆ ನೌಕರನೂ ಬರೆಯಲು ಹಕ್ಕುಳ್ಳವನಾಗಿರಬೇಕು. ಬರೆದವನನ್ನು ಎರಡು ವರ್ಷದೊಳಗೆ ವರ್ಗಾಯಿಸಬೇಕಾದರೆ ಅಥವಾ ಕೈಬಿಡಬೇಕಾದರೆ ಕಾರಣವನ್ನು ಲಿಖಿತವಾಗಿ ಆಡಳಿತ ಮಂಡಳಿಯ ಮುಂದೆ ಇಡಬೇಕು. ವ್ಯವಸ್ಥಾಪಕ ನಿರ್ದೇಶಕರಿಗೆ ಕನಿಷ್ಠ ಮೂರು ವರ್ಷದ ಅವಧಿ ಇರಬೇಕು. ಇವುಗಳಿಗೆ ಹೊಸ ಶಾಸನ ಬೇಡ, ಒಂದು ಸರ್ಕಾರಿ ಆದೇಶ ಸಾಕು. ಖಾಸಗಿ ಕಂಪನಿಗಳ ಆಡಳಿತ ಮಂಡಳಿಗಳು ಬಯಸಿದರೆ ಮುಂದಿನ ಸಭೆಯಲ್ಲಿಯೇ ನಿರ್ಣಯ ಮಾಡಬಹುದು. ಕಳೆದ ವರ್ಷ ನಿಮ್ಮ ಬಳಿ ಕೆಟ್ಟ ಸುದ್ದಿ ತಂದವರು ಯಾರು, ಅವರು ಈಗ ಎಲ್ಲಿದ್ದಾರೆ ಎಂಬ ಎರಡೇ ಪ್ರಶ್ನೆಗಳನ್ನು ಮುಖ್ಯ ಕಾರ್ಯನಿರ್ವಹಣಾಧಿಕಾರಿಯನ್ನು ಸ್ವತಂತ್ರ ನಿರ್ದೇಶಕರು ಕೇಳಿದರೂ ಸಾಕಷ್ಟು ತಿಳಿಯುತ್ತದೆ.

2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಲಕ್ಷ ರೂಪಾಯಿ ದಾಟಿತು. ಬೆಲೆ ಏರಿದ ಕಾಲದಲ್ಲಿ ಗಣಿಯ ಲೆಕ್ಕಪತ್ರ ತಾನಾಗಿಯೇ ಚೆಂದ ಕಾಣುತ್ತದೆ. ಕೆಟ್ಟ ಸುದ್ದಿಗೆ ಕಿವಿಗೊಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹಟ್ಟಿಗೆ ಮುಂದೆ ಬರುವ ವ್ಯವಸ್ಥಾಪಕ ನಿರ್ದೇಶಕರು ಯಾರೇ ಆಗಲಿ, ಅಧಿಕಾರ ವಹಿಸಿಕೊಂಡ ದಿನ ಹಾರ ಹಿಡಿದು ನಿಂತವರ ಸಾಲು ಕರಗಿದ ಮೇಲೆ, ಆ ಪುಸ್ತಕವನ್ನು ತರಿಸಿಕೊಂಡು ಹಿಂದಿನ ಒಂದು ವರ್ಷದ ಪುಟಗಳನ್ನು ಓದಬಹುದು. ಎಡಬದಿಯಲ್ಲಿ ಏನು ಬರೆದಿದೆ, ಬಲಬದಿಯಲ್ಲಿ ಯಾರ ಉತ್ತರವಿದೆ, ಎಷ್ಟು ಕಡೆ ಉತ್ತರದ ಜಾಗ ಖಾಲಿ ಬಿದ್ದಿದೆ ಎಂದು ನೋಡಲು ಒಂದು ಮಧ್ಯಾಹ್ನ ಹಿಡಿದೀತು.